ರಾಳವಿಲ್ಲದ ಕಮಾನು

"ನಿಮ್ಮಪ್ಪ ಆ ದಿನ ಪಿಟೀಲು ಹಿಡಿದ್ರೆ ನಾನು ಮದುವೆ ಹಾಲ್‌ಗೆ ಕಾಲಿಡಲ್ಲ. ನನ್ನ ಮಗನೂ ಇಡಲ್ಲ. ಇಷ್ಟು ಹೇಳೋಕೇ ಬಂದೆ!"

ಚಿಕ್ಕ ಮಗಳ ಮದುವೆಯಿಂದ ಬೀಗಿತ್ತಿಯಾಗಲಿರುವ ಹೆಂಗಸು ಈ ಮಾತನ್ನು ಅಪ್ಪನ ಎದುರಿನ ಕುರ್ಚಿಯಲ್ಲೇ ಕುಳಿತು ಹೇಳಿದಳು. ಅಪ್ಪ ನಗುತ್ತಾ ತಲೆಯಾಡಿಸಿದರು. "ಇನ್ನು ಸ್ವಲ್ಪ ಟೀ ತಗೊಳ್ಳಿ, ಸಂಕೋಚ ಬೇಡ" ಎಂದು ಕೆಟಲನ್ನು ಅವಳತ್ತ ಸರಿಸಿದರು. ಪಕ್ಕದಲ್ಲಿ ನಿಂತಿದ್ದ ದೊಡ್ಡ ಮಗಳು ಅಪ್ಪನತ್ತ ನೋಡಿದಳು. ಅಪ್ಪನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ!

ಅವರ ಕಿವಿ ಹೋಗಿ ಎರಡು ವರ್ಷವಾಗಿತ್ತು. ಹತ್ತಿರ ನಿಂತು ಗಂಟಲು ಹರಿಯುವಂತೆ ಕೂಗಿದರೆ ಕೇಳೀತು, ಇಲ್ಲವೆಂದರೆ ತುಟಿ ನೋಡಿ ಅರ್ಧ ಊಹೆ. ಕಿವಿಗೆ ಯಂತ್ರ ಹಾಕಿಸಿದ್ದೂ ಆಯಿತು. ಅದರಲ್ಲಿ ಪಿಟೀಲು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆಂದು ವಾರದೊಳಗೆ ಅದು ಮೇಜಿನ ಡ್ರಾಯರ್ ಸೇರಿತು. ಮದುವೆಗಳಲ್ಲಿ ನುಡಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ನಾಲ್ಕು ಜನರ ಮೇಳ ಅವರದು. ಮೊದಲ ಪಿಟೀಲು ಅಪ್ಪನದು, ಎರಡನೆಯದು ದೊಡ್ಡ ಮಗಳದು, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಹಳೆಯ ಗೆಳೆಯ ಟೈಲರನದು, ನೆಲಕ್ಕೂರಿ ನುಡಿಸುವ ಚೆಲ್ಲೋ ಅಪ್ಪನ ತಮ್ಮನದು. ಮದುಮಗಳು ಬಾಗಿಲಲ್ಲಿ ಕಾಣಿಸಿದೊಡನೆ ಶುರು ಮಾಡಬೇಕು, ಅವಳು ಹೋಗಿ ಹುಡುಗನ ಪಕ್ಕ ನಿಂತೊಡನೆ ನಿಲ್ಲಿಸಬೇಕು. ಆಮೇಲೆ ಅವರಿಬ್ಬರೂ ಒಬ್ಬರಿಗೊಬ್ಬರು ಮಾತು ಕೊಟ್ಟು ಮುಗಿಸುವ ತನಕ ಒಂದು ಸೊಲ್ಲೂ ಎತ್ತುವಂತಿಲ್ಲ. ಕಣ್ಣು ಮುಚ್ಚಿ ನುಡಿಸುವ ಅಪ್ಪನಿಗೆ ನಿಲ್ಲಿಸುವ ಹೊತ್ತು ಬಂತೆಂದು ತಿಳಿಸಲು ಮಗಳು ಪಾದದಿಂದ ಅವರ ಶೂ ಒತ್ತುತ್ತಿದ್ದಳು. ಎರಡು ವರ್ಷ ಈ ಗುಟ್ಟು ನಾಲ್ವರ ನಡುವೆಯೇ ಉಳಿದಿತ್ತು.

ಗುಟ್ಟು ಬಯಲಾಗಿದ್ದು ಹೋದ ತಿಂಗಳು, ಅದೂ ಈ ಬೀಗಿತ್ತಿಯ ತಮ್ಮನ ಮಗಳ ಮದುವೆಯಲ್ಲಿ! ಅಪ್ಪ ಅವತ್ತು ಕಾಲುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡು ಕುಳಿತಿದ್ದರು. ಮೂವರೂ ನಿಲ್ಲಿಸಿದರು, ಅಪ್ಪ ನಿಲ್ಲಿಸಲಿಲ್ಲ. ಮಗಳ ಪಾದ ಅವರ ಶೂವಿಗಾಗಿ ನೆಲವೆಲ್ಲಾ ತಡಕಾಡಿತು. ಆ ಹುಡುಗಿ ನಡುಗುವ ದನಿಯಲ್ಲಿ ಮಾತು ಕೊಡುತ್ತಿದ್ದರೆ ಅಪ್ಪನ ಪಿಟೀಲು ಶ್ರುತಿ ತಪ್ಪಿ, ಒಂಟಿಯಾಗಿ, ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿತ್ತು. ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಅತ್ತುಬಿಟ್ಟಳು. ದೊಡ್ಡವಳು ಎದ್ದು ಅವರ ಮೊಣಕೈ ಹಿಡಿದಾಗಲೇ ಅಪ್ಪ ಕಣ್ಣು ಬಿಟ್ಟಿದ್ದು.

"ಅವರಿಗೆ ವಯಸ್ಸಾಗಿದೆ ಅಮ್ಮಾ..." ದೊಡ್ಡವಳು ಈಗ ಬೀಗಿತ್ತಿಯ ಮುಂದೆ ಕೈಕೈ ಹಿಸುಕಿಕೊಂಡಳು. "ಚಿಕ್ಕವಳು ಹುಟ್ಟಿದ ವರ್ಷಾನೇ ಅವಳ ಮದುವೆಗೆ ಅಂತ ಒಂದು ಹಾಡು ಕಟ್ಟಿ ಇಟ್ಟಿದ್ದಾರೆ. ನಮ್ಮಮ್ಮ ಸಾಯೋವಾಗ, ಅದನ್ನ ನಾನೇ ನುಡಿಸ್ತೀನಿ ಅಂತ ಮಾತು ಕೊಟ್ಟಿದ್ದಾರೆ..."

"ನಿಮ್ಮಮ್ಮನಿಗೆ ಕೊಟ್ಟ ಮಾತಿಗೆ ನನ್ನ ಮಗನ ಮದುವೆ ನಗೆಪಾಟಲಾಗಬೇಕಾ? ಬೇಕಿದ್ರೆ ನಿನ್ನ ತಂಗೀನೇ ಕೇಳ್ತೀನಿ, ಅಪ್ಪ ಬೇಕೋ ಗಂಡ ಬೇಕೋ ಅಂತ!"

ಚಿಕ್ಕವಳಿಗೆ ಇದು ಗೊತ್ತಾಗಲೇಬಾರದು. ಗೊತ್ತಾದರೆ "ಹಾಗಾದ್ರೆ ಈ ಮದುವೇನೇ ಬೇಡ" ಎಂದು ಎದ್ದುಹೋಗುವ ಹುಡುಗಿ ಅವಳು. ಆರು ವರ್ಷ ಕಾದು, ಎರಡೂ ಮನೆಯವರ ಕೈಕಾಲು ಹಿಡಿದು ಒಪ್ಪಿಸಿಕೊಂಡ ಸಂಬಂಧ ಒಂದು ಮಾತಿಗೆ ಮುರಿದುಬೀಳುತ್ತಿತ್ತು. ದೊಡ್ಡವಳ ಬಾಯಿಂದ ಮಾತು ತಾನಾಗಿ ಜಾರಿತು.

"ಅಪ್ಪ ಕೂತಿರ್ತಾರೆ. ಆದ್ರೆ ಅವರ ಪಿಟೀಲಿಂದ ದನಿ ಹೊರಡಲ್ಲ. ನಾನು ಭಾಷೆ ಕೊಡ್ತೀನಿ."

ಬೀಗಿತ್ತಿ ಹುಬ್ಬೇರಿಸಿದಳು. ಟೀ ಮುಗಿಸಿ ಅಪ್ಪನಿಗೆ ನಮಸ್ಕಾರ ಹೇಳಿ ಹೊರಟಳು.

ಕಮಾನಿನ ಕೂದಲಿಗೆ ರಾಳ ತಿಕ್ಕದಿದ್ದರೆ ಅದು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ, ದನಿ ಏಳುವುದಿಲ್ಲ. ಪಿಟೀಲು ಹಿಡಿದವರಿಗೆಲ್ಲ ಗೊತ್ತಿರುವ ವಿಷಯ. ಅಪ್ಪನ ಕಮಾನಿಗೆ ರಾಳ ತಿಕ್ಕುವುದು ಎಂಟನೇ ವಯಸ್ಸಿನಿಂದ ದೊಡ್ಡವಳದೇ ಕೆಲಸ. ಅಪ್ಪ ಎಂದೂ ತಿರುಗಿ ನೋಡಿದವರಲ್ಲ. ಮದುವೆಗೆಂದು ಅವರೇ ಕಮಾನಿಗೆ ಹೊಸ ಕೂದಲು ಹಾಕಿಸಿಕೊಂಡು ಬಂದು ಅವಳ ಕೈಗಿತ್ತರು. "ಚೆನ್ನಾಗಿ ತಿಕ್ಕು ಮಗಳೇ. ಹೊಸ ಕೂದಲು, ಬೇಗ ಹಿಡಿಯಲ್ಲ. ಕೊನೇ ಸಾಲಿನೋರಿಗೂ ಕೇಳಿಸ್ಬೇಕು." ಅವಳು ಹೂಂ ಎಂದು ತಲೆಯಾಡಿಸಿದಳು. ಆಗಲಾದರೂ ಹೇಳಿಬಿಡಬಹುದಿತ್ತು... ಆದರೆ ಹೇಳಬೇಕೆಂದರೆ ಕೂಗಬೇಕು, ಕೂಗಿದರೆ ಪಕ್ಕದ ಕೋಣೆಯಲ್ಲಿ ಉಡುಪಿನ ಅಳತೆ ಕೊಡುತ್ತಾ ಗುನುಗುತ್ತಿದ್ದ ತಂಗಿಯ ಕಿವಿಗೂ ಬೀಳುತ್ತದೆ. ಅದು ನಿಜವೂ ಹೌದು, ನೆಪವೂ ಹೌದು. ಅಪ್ಪನ ಮುಖ ನೋಡಿ ಹೇಳುವ ಎದೆಗಾರಿಕೆ ಅವಳಲ್ಲಿರಲಿಲ್ಲ.

ಮದುವೆಯ ದಿನ ಹಾಲ್‌ನ ಪಕ್ಕದ ಕೋಣೆಯಲ್ಲಿ ಚೆಲ್ಲೋ ಹೊರತೆಗೆಯುತ್ತಿದ್ದ ಚಿಕ್ಕಪ್ಪನಿಗೆ ಅವಳು ವಿಷಯ ತಿಳಿಸಿದಾಗ ಅವರ ಮುಖ ಕಪ್ಪಿಟ್ಟಿತು.

"ಥೂ! ನಿನಗೆ ಮನಸ್ಸಾದ್ರೂ ಹೇಗೆ ಬಂತೇ? ಹೆತ್ತಪ್ಪನ್ನ ಬೊಂಬೆ ಥರ ಕೂರಿಸ್ತೀಯಾ?"

"ಅವರಿಗೆ ಗೊತ್ತಾಗಲ್ಲ ಚಿಕ್ಕಪ್ಪ. ನಾನು ಅವರ ಸ್ವರ ನುಡಿಸ್ತೀನಿ, ನೀವಿಬ್ಬರೂ ನನ್ನ ಜೊತೆ ಬನ್ನಿ. ಅವರಿಗೂ ನುಡಿಸಿದ ಸಂತೋಷ, ಇವಳಿಗೂ ಮದುವೆ... ಬೇರೆ ದಾರಿ ಇದ್ರೆ ನೀವೇ ಹೇಳಿ!"

ಚಿಕ್ಕಪ್ಪ ಚೆಲ್ಲೋದ ತಂತಿ ಬಿಗಿಸತೊಡಗಿದರು. ಟೈಲರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕುಳಿತ.

ನಾಲ್ವರೂ ಹಾಲ್‌ನಲ್ಲಿ ವಾದ್ಯ ಹಿಡಿದು ಕುಳಿತಾಗ ಎದುರಿನ ಬಾಗಿಲು ತೆರೆಯಿತು. ಬಿಳಿ ಉಡುಪಿನ ಚಿಕ್ಕವಳು ಹೊಸ್ತಿಲಲ್ಲಿ ನಿಂತು ಮೊದಲು ನೋಡಿದ್ದು ಹುಡುಗನನ್ನಲ್ಲ, ಅಪ್ಪನನ್ನು. ಅಪ್ಪ ಗಲ್ಲ ಊರಿ, ಕಣ್ಣು ಮುಚ್ಚಿ, ಉಸಿರೆಳೆದು ಕಮಾನು ಎಳೆದರು. ಅದೇ ಉಸಿರಿಗೆ ದೊಡ್ಡವಳೂ ಎಳೆದಳು. ಹಾಲ್‌ನ ತುಂಬ ಹಾಡು ಹರಡಿತು. ಅಪ್ಪನ ಕಮಾನು ತಂತಿಯ ಮೇಲೆ ಮಂಜುಗಡ್ಡೆಯ ಮೇಲೆ ಕಾಲಿಟ್ಟವರ ಹಾಗೆ ಜಾರಿತು.

ಅಪ್ಪ ಕಣ್ಣು ತೆರೆದರು. ನುಡಿಸುವಾಗ ಅವರು ಕಣ್ಣು ತೆರೆದದ್ದನ್ನು ಅವಳು ಕಂಡೇ ಇರಲಿಲ್ಲ. ಒಂದು ಗಳಿಗೆ ಅವರ ಕೈ ತಡೆಯಿತು... ಆದರೆ ಕಮಾನು ಮತ್ತೆ ನಡೆಯಿತು. ಮಗಳು ನಡೆದು ಬರುವುದನ್ನು ಕಣ್ತುಂಬ ನೋಡಬೇಕೆಂದು ಕಣ್ಣು ಬಿಟ್ಟಿದ್ದಾರೆ ಪಾಪ, ಎಂದುಕೊಂಡಳು ದೊಡ್ಡವಳು. ಬೆರಳುಗಳು ಒಂದೊಂದು ಸ್ವರವನ್ನೂ ಒತ್ತಿದವು. ಎಳೆಯುವಲ್ಲಿ ಎಳೆದರು, ತಡೆಯುವಲ್ಲಿ ತಡೆದರು. ಚಿಕ್ಕವಳು ಹುಡುಗನ ಪಕ್ಕ ನಿಂತಾಗ ಯಾರೂ ಶೂ ಒತ್ತುವ ಮೊದಲೇ ಸರಿಯಾಗಿ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿದ್ದ ಬೀಗಿತ್ತಿ ದೊಡ್ಡವಳತ್ತ ನೋಡಿ, ಸರಿ ಎನ್ನುವಂತೆ ತಲೆದೂಗಿದಳು.

ಎಲ್ಲ ಮುಗಿದ ಮೇಲೆ ಚಿಕ್ಕವಳು ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. "ಅಪ್ಪಾ! ನಿಮ್ಮ ಪಿಟೀಲು ಕೇಳ್ತಾ ಕೇಳ್ತಾ ನಡೆದೆ. ಅಮ್ಮ ಪಕ್ಕದಲ್ಲೇ ಬರ್ತಿದಾಳೆ ಅನ್ನಿಸ್ತು!" ಅಪ್ಪ ಅವಳ ತುಟಿಗಳನ್ನೇ ನೋಡಿ, ಹಣೆಗೆ ಮುತ್ತಿಟ್ಟು, "ನಿನಗೆ ಹಿಡಿಸ್ತಲ್ಲ, ಸಾಕು ಬಿಡು" ಎಂದರು.

ಪಕ್ಕದ ಕೋಣೆಯಲ್ಲಿ ವಾದ್ಯಗಳನ್ನು ಪೆಟ್ಟಿಗೆಗೆ ಇಡುವಾಗ ಇಬ್ಬರೇ ಇದ್ದರು. ಅಪ್ಪ ಕಮಾನಿನ ಕೂದಲ ಮೇಲೆ ಬೆರಳಾಡಿಸಿ, ಅವಳ ಮುಂದೆ ಹಿಡಿದರು. ಬೆರಳಿಗೆ ರಾಳದ ಪುಡಿಯ ಸುಳಿವೂ ಇರಲಿಲ್ಲ.

"ಮೊದಲ್ನೇ ಎಳೆತಕ್ಕೇ ಗೊತ್ತಾಯ್ತು ಮಗಳೇ. ಕಿವಿ ಹೋದ್ರೇನು, ದವಡೆ ಇಲ್ವಾ? ಪಿಟೀಲು ನಡುಗೋದು ಮೂಳೆಗೆ ಗೊತ್ತಾಗುತ್ತೆ. ಎರಡು ವರ್ಷದಿಂದ ನಾನು ಕೇಳ್ತಿರೋದೇ ಹಾಗೆ... ಇವತ್ತು ಏನೂ ನಡುಗಲಿಲ್ಲ."

ಅಯ್ಯೋ! ಅಪ್ಪನ ಗಲ್ಲದಡಿ ಪಿಟೀಲನ್ನು ಸಾವಿರ ಸಲ ನೋಡಿದವಳಿಗೆ, ತಾನೂ ಅದೇ ವಾದ್ಯ ನುಡಿಸುವವಳಿಗೆ, ಇದೊಂದು ಹೊಳೆಯಲೇ ಇಲ್ಲವಲ್ಲ!

"ಆ ಯಮ್ಮ ಹೇಳಿದ್ಲು ಅಲ್ವಾ? ಟೀ ಕುಡಿಯೋಕೆ ಬಂದ ದಿನ?" ಅಪ್ಪ ಕೇಳಿದರು. ಅವಳು ತಲೆಯಾಡಿಸಿದಳು. "ಒಂದು ಚೀಟೀಲಿ ಬರೆದು ಕೊಟ್ಟಿದ್ರೂ ನಾನೇ ಬಿಟ್ಟುಕೊಡ್ತಿದ್ದೆನಲ್ಲೇ... ನನಗಿಂತ ಇವಳ ಮದುವೆ ದೊಡ್ಡದಲ್ವಾ? ಮಧ್ಯದಲ್ಲಿ ನಿಲ್ಲಿಸಿಬಿಡೋಣ ಅನ್ನಿಸ್ತು. ನಿಲ್ಲಿಸಿದ್ರೆ ಅವಳು ತಿರುಗಿ ನೋಡ್ತಿದ್ಲು. ಅದಕ್ಕೇ ಆಡಿಸ್ತಾ ಹೋದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ತಪ್ಪಾಯ್ತು ಅಪ್ಪಾ ಎಂದು ಕೂಗಿ ಹೇಳಬೇಕಿತ್ತು. ಆದರೆ ಕದ ಅರ್ಧ ತೆರೆದಿತ್ತು. ನಾಲ್ಕೇ ಹೆಜ್ಜೆಯಾಚೆ ಚಿಕ್ಕವಳು ಗಂಡನ ತೋಳು ಹಿಡಿದು ನಗುತ್ತಿದ್ದಳು. "ತಪ್ಪಾಯ್ತು... ತಪ್ಪಾಯ್ತು ಅಪ್ಪಾ..." ಎಂದು ಪಿಸುಗುಟ್ಟಿದಳು. ಅಪ್ಪ ಆಗಲೇ ಬಗ್ಗಿ ಪೆಟ್ಟಿಗೆಯ ಕೊಂಡಿ ಹಾಕುತ್ತಿದ್ದರು. ಅವಳ ತುಟಿ ಅವರಿಗೆ ಕಾಣಲಿಲ್ಲ. ಮತ್ತೊಮ್ಮೆ ಹೇಳುವ ಶಕ್ತಿ ಅವಳಿಗೆ ಉಳಿದಿರಲಿಲ್ಲ.

"ಭಾನುವಾರದ ಮದುವೆಗೆ ನನ್ನ ಕುರ್ಚೀಲಿ ನೀನೇ ಕೂತ್ಕೋ. ನಿನ್ನ ಜಾಗಕ್ಕೆ ಯಾರನ್ನಾದ್ರೂ ಹುಡುಕ್ಕೋ. ಇನ್ಮೇಲೆ ನಾನು ಬರಲ್ಲ." ಅಪ್ಪ ಪೆಟ್ಟಿಗೆ ಎತ್ತಿಕೊಂಡರು. "ಚಿಕ್ಕವಳಿಗೆ ಯಾವತ್ತೂ ಹೇಳ್ಬೇಡ. ಅವಳ ಮದುವೇಲಿ ಅವಳಪ್ಪ ನುಡಿಸಿದ್ದಾನೆ. ಅದು ಹಾಗೇ ಇರಲಿ."

"ಅಪ್ಪಾ, ಅಕ್ಕಾ, ಬನ್ನಿ! ಫೋಟೋಗೆ ಎಲ್ರೂ ಕಾಯ್ತಿದಾರೆ!" ಚಿಕ್ಕವಳು ಹಾಲ್‌ನಿಂದ ಕರೆದಳು. ಅಪ್ಪನಿಗೆ ಕೇಳಿಸಲಿಲ್ಲ. ದೊಡ್ಡವಳು ಕಣ್ಣೊರೆಸಿಕೊಂಡು, ಅವರ ಮೊಣಕೈ ಮುಟ್ಟಿ ಬಾಗಿಲ ಕಡೆ ತೋರಿಸಿದಳು. ಇಬ್ಬರೂ ಹೋಗಿ ಬೀಗಿತ್ತಿಯ ಪಕ್ಕದಲ್ಲಿ ನಿಂತರು. ಫೋಟೋದವನು ನಗಿ ಎಂದ; ಎಲ್ಲರೂ ನಕ್ಕರು. ಅವರನ್ನು ನೋಡಿ ಅಪ್ಪನೂ ನಕ್ಕರು.