ಹಗೇವಿನ ಮೇಲಿನ ಸಳಿ

ಶಂಕ್ರೆವ್ವ ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದಳು. ಅರ್ಧವೂ ಆಗಿರಲಿಲ್ಲ, ಹಿತ್ತಲಿನಿಂದ ಗಂಡನ ಕೂಗು ಬಂತು.

"ಸಳಿ ಬದಲ್ ಮಾಡ್ಯಾನ ನೋಡ, ಈ ಕಳ್ಳ ಗೌಂಡಿ."

ಕೊಡ ಇಟ್ಟು ಓಡಿದಳು. ತಿಕೋಟಾದ ಆ ಮನೆಯ ಪಡಸಾಲೆಯ ಅಡಿಯಲ್ಲಿ ಕಾಳು ತುಂಬುವ ಹಳೆಯ ಹಗೇವಿತ್ತು. ಅದರ ಬಾಯಿಯ ಮೇಲೆ ಕಬ್ಬಿಣದ ಸಳಿ, ಅಂದರೆ ಸರಳು, ಹೆಣೆದು ಕಾಂಕ್ರೀಟ್ ನೆಲ ಹಾಕುವ ದಿನ ಅದು. ನಾಲ್ಕು ದಿನದ ಹಿಂದೆ ಗಂಡ ಬಸಗೊಂಡಪ್ಪ ವಿಜಾಪುರದ ಸೊಲ್ಲಾಪುರ ರಸ್ತೆಯ ಕಬ್ಬಿಣದ ಅಂಗಡಿಯಿಂದ ತಂದಾಗ ಸರಳುಗಳು ನೀಲಿಯಾಗಿ ಹೊಳೆಯುತ್ತಿದ್ದವು. ಈಗ ಹೊದಿಸಿದ್ದ ಗೋಣಿಚೀಲ ಸರಿಸಿದರೆ ಕೆಂಪು ತುಕ್ಕು.

ಗಾರೆ ಕೆಲಸಕ್ಕೆ ಬಂದಿದ್ದ ಮೌಲಾಸಾಬ ಗೌಂಡಿ ಕರಣೆ ಕೆಳಗಿಟ್ಟ. "ಸಾವಕಾರ್ರ, ಬಬಲೇಶ್ವರದ ತನಕ ನನ್ನ ಕೈಯಾಗಿನ ನೆಲ ಅದಾವು. ಈ ಮಾತು ಊರಾಗ ಹೊಕ್ಕರ ನಾಳೆ ನನ್ನ ಯಾರು ಕರೀತಾರ? ಖರೇ ಏನಂತ ತಿಳಿಯೂ ತನಕ ನಾ ಕರಣಿ ಮುಟ್ಟಂಗಿಲ್ಲ."

ಮೂರು ತಿಂಗಳು ಕಾದು ಸರ್ಕಾರದ ಪರ್ಮಿಟ್ಟಿನ ಮೇಲೆ ಪಡೆದ ಸಿಮೆಂಟು, ಮಳೆಯ ತೇವಕ್ಕೆ ಚೀಲದಲ್ಲೇ ಗಟ್ಟಿಯಾಗುವ ಹಾಗಿತ್ತು. ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬೇರೆ. ಶಂಕ್ರೆವ್ವನಿಗೆ ತಲೆ ಚಿಟ್ಟೆಂದಿತು.

"ಯಪ್ಪಾ..." ಎಂದಳು ಮಗಳು ಬಂಗಾರೆವ್ವ.

"ಸುಮ್ಕಿರ ಬೇ, ನಿಂದೊಂದು," ಎಂದ ಬಸಗೊಂಡಪ್ಪ.

ಶಂಕ್ರೆವ್ವ ಪಕ್ಕದ ಮನೆಯ ಅಕ್ಕನಾಗಮ್ಮನನ್ನು ಕರೆತಂದಳು. ಓಣಿಯಲ್ಲಿ ಕೋಳಿ ಕಳೆದರೂ ಕಿವಿಯೋಲೆ ಕಳೆದರೂ ಆಕೆಯೇ ಪತ್ತೆ ಹಚ್ಚಬೇಕು. ಅಂಥ ಹುಡುಕಾಟಕ್ಕೆಲ್ಲ ಶಂಕ್ರೆವ್ವನೇ ಜತೆ.

ಅಕ್ಕನಾಗಮ್ಮ ಸರಳಿನ ನಡುವನ್ನು ಬೆರಳಿಂದ ಒರೆಸಿದಳು, ತುದಿಗಳನ್ನು ನೋಡಿದಳು. ಆಮೇಲೆ ಹಗ್ಗ ಜಗ್ಗಿ ಗೋಣಿಚೀಲ ನೆಕ್ಕುತ್ತಿದ್ದ ಎಮ್ಮೆಯನ್ನೇ ನೋಡುತ್ತ ನಿಂತಳು.

"ಇದು ಎಷ್ಟ್ ದಿನದಿಂದ ಹಿಂಗ ಮಾಡಾಕತ್ತೈತಿ?"

"ಮೂರು ದಿನಾತಬೇ. ಮೇವು ಬಿಟ್ಟು ಚೀಲಕ್ಕ ಜೋತು ಬಿದ್ದೈತಿ," ಎಂದಳು ಶಂಕ್ರೆವ್ವ.

"ಯಪ್ಪಾ, ಮತ್ತ..."

"ಲೇ, ಸುಮ್ಕಿರು ಅಂದ್ನೆಲ್ಲ."

ಅಕ್ಕನಾಗಮ್ಮ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿದಳು.

"ಸಳಿ ಬದಲಾಗಿಲ್ಲ. ಅಂಗಡಿಯವ ತುದಿಗೆ ಬಳದ ಹಳದಿ ಬಣ್ಣ ಹಂಗ ಐತಿ. ಚೀಲದ ಹೊರಗ ಉಳದ ಗೇಣುದ್ದ ತುದಿ ಇನ್ನೂ ನೀಲಿ. ಅಂದ್ರ ತುಕ್ಕು ಹಚ್ಚಿದ್ದು ಚೀಲ. ಎಂಥಾ ಚೀಲ? ಎಮ್ಮಿ ಉಪ್ಪಿಗಲ್ಲದ ಬರೇ ಗ್ವಾಣಿ ನೆಕ್ಕೂದಿಲ್ಲ. ಉಪ್ಪಿನ ಚೀಲ, ಮೂರು ದಿನದ ಜಿಟಿಜಿಟಿ ಮಳಿ, ಇನ್ನೇನ್ ಬೇಕು? ಈ ಓಣ್ಯಾಗ ಉಪ್ಪು ಮಾರೂ ಕಿರಾಣಿ ಅಂಗಡಿ ಯಾರದು?"

ಎಲ್ಲರ ಕಣ್ಣೂ ಬಸಗೊಂಡಪ್ಪನ ಮೇಲೆ ಬಿತ್ತು. ಅಂಗಡಿ ಅವನದೇ.

"ಗೌಂಡಿ ಕಣ್ಣಿಗೆ ಬೀಳಬಾರದಂತ ನಾನ ಮುಚ್ಚಿದ್ನಿ," ಎಂದ ಅವನು ನೆಲ ನೋಡುತ್ತ.

ಮೌಲಾಸಾಬ ತಂತಿ ಬ್ರಷ್ಷಿನಿಂದ ಒಂದು ಸರಳು ಉಜ್ಜಿದ. "ಮ್ಯಾಲಿನ ತುಕ್ಕು ಅಷ್ಟ. ಹಕ್ಕಳಿ ಎದ್ದಿಲ್ಲ, ಸಳಿ ಸವದಿಲ್ಲ. ಉಪ್ಪು ಮಾತ್ರ ನೆಲದಾಗ ಹೋಗಬಾರದು, ಒಳಗಿಂದ ತಿಂದು ಹಾಕತೈತಿ. ಸಿಹಿನೀರಿಲೆ ತೊಳದು, ಉಜ್ಜಿ ಹಾಕ್ರಿ." ಕರಣೆಯನ್ನು ಮಾತ್ರ ಮುಟ್ಟಲಿಲ್ಲ.

"ಮತ್ತ ಶುರು ಮಾಡಪಾ. ಏ, ಚಾ ಮಾಡ," ಎಂದ ಬಸಗೊಂಡಪ್ಪ.

ಮೌಲಾಸಾಬ ಕದಲಲಿಲ್ಲ. ಶಂಕ್ರೆವ್ವನೂ ಒಲೆಯ ಕಡೆ ಹೋಗಲಿಲ್ಲ. ಆಗ ಬಂಗಾರೆವ್ವ ಅಪ್ಪನ ಧೋತರದ ಚುಂಗು ಹಿಡಿದು ಕೇಳಿಯೇ ಬಿಟ್ಟಳು.

"ಯಪ್ಪಾ, ಗೌಂಡಿ ಕಾಕಾಗ ಕಳ್ಳ ಅಂದೆಲ್ಲ, ತಪ್ಪಾತು ಅಂತ ಯಾವಾಗ ಅಂತಿ?"