ಮಕ್ಕಾಕ್ಕೆ ಹೊರಟ ಹರಿಗೋಲು

ನಡುಸಮುದ್ರದಲ್ಲಿ, ತಿಮಿಂಗಿಲದ ಬೆನ್ನ ಮೇಲೆ ನಿಂತು ಇಬ್ಬರು ಕಳ್ಳರಿಗೆ ಕೋಳ ತೊಡಿಸಿದ ಪೊಲೀಸಿನವನು ನಿಜಾಮರ ಸೀಮೆಯಲ್ಲೆಲ್ಲ ಒಬ್ಬನೇ: ದೇವದುರ್ಗ ಠಾಣೆಯ ಜವಾನ ಕನಕಪ್ಪ. ಹಾಗೆಂದು ಹೇಳಿದವನೂ ಅವನೇ. ಮಾನವಿಯಲ್ಲಿದ್ದಾಗ ಎಮ್ಮೆಯೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು ತುಂಬಿದ ತುಂಗಭದ್ರೆಯನ್ನು ದಾಟಿದವನಿಗೆ ಸಮುದ್ರ ಯಾವ ಲೆಕ್ಕ?

ಪ್ರಕರಣ ಶುರುವಾದದ್ದು 1943ರ ಜನವರಿಯ ಒಂದು ಬೆಳಿಗ್ಗೆ. ಕೃಷ್ಣೆಯಲ್ಲಿ ಜನರನ್ನು ದಾಟಿಸಿ ಬದುಕುವ ಹಂಪಮ್ಮ ಠಾಣೆಗೆ ಬಂದು, ತನ್ನ ಹರಿಗೋಲು ಕಳುವಾಗಿದೆ, ಅದಿಲ್ಲದೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದಳು. ಠಾಣೆಯ ಅಧಿಕಾರಿ ಅಮೀನ್ ಸತ್ತಾರ್ ಸಾಬ್ ಎಫ್‌ಐಆರ್ ಬರೆಸಿದರು. ಯಾರ ಮೇಲೆ ಅನುಮಾನ ಎಂದು ಕೇಳಬೇಕಾಗಲಿಲ್ಲ. ವಿರೂಪಣ್ಣ, ಮೀರಾಹುಸೇನ ಎಂಬ ಗೆಳೆಯರಿಬ್ಬರು ಹರಿಗೋಲಿನಲ್ಲೇ ಸಮುದ್ರ ದಾಟುವುದಾಗಿ ಸಂತೆಯಲ್ಲೆಲ್ಲ ಸಾರಿಕೊಂಡು ತಿರುಗಿದ್ದರು. ಅಂದು ಇಬ್ಬರೂ ಊರಲ್ಲಿರಲಿಲ್ಲ. ಕೆಳಗಿನ ದಂಡೆಗಳಲ್ಲಿ ಕಾವಲಿರಲೆಂದು ರಾಯಚೂರಿಗೆ ತಂತಿ ಹೋಯಿತು. ಕನಕಪ್ಪ ಹೊಳೆಯ ಗುಂಟ ಹೊರಟ.

ಮಧ್ಯಾಹ್ನ ಅಮೀನರು ಹಂಪಮ್ಮನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಹಿಂದಿನಿಂದ ಬಂದಾಗ, ಆರೋಪಿಗಳು ಕೋಳ ತೊಟ್ಟು ಮರಳಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಹರಿಗೋಲು ಬೋರಲಾಗಿತ್ತು. ಕನಕಪ್ಪ ತಿಮಿಂಗಿಲದ ಕತೆ ಹೇಳಿದ. ಕೃಷ್ಣೆಯಲ್ಲಿ ತಿಮಿಂಗಿಲ ಎಲ್ಲಿಂದ ಬಂತೆಂದು ಒಬ್ಬ ಪಂಚ ಕೇಳಿದ್ದಕ್ಕೆ ಅದನ್ನು ಮೊಸಳೆಗೆ ಇಳಿಸಿದ. ಗೆಳೆಯರಿಬ್ಬರೂ ತಮ್ಮ ಸಾಹಸವನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

“ಎಲ್ಲಿಗೆ ಹೊಂಟಿದ್ರಿ?” ಎಂದರು ಅಮೀನರು.

“ಮಕ್ಕಾಕ್ಕರಿ,” ಎಂದ ವಿರೂಪಣ್ಣ.

“ಕೃಷ್ಣಾ ಮೂಡಲಕ್ಕ ಹರೀತಾಳ. ಮಕ್ಕಾ ಪಡುವಲಕ್ಕ ಅದ.”

“ಸಮುದ್ರ ಎಲ್ಲಾ ಒಂದ ಅಲ್ಲೇನ್ರಿ, ಸಾಹೇಬ್ರ?”

ವಿರೂಪಣ್ಣನನ್ನು ಹೆತ್ತಾಕೆ ಬಾಣಂತನದಲ್ಲೇ ತೀರಿಕೊಂಡಿದ್ದಳು. ಮೀರಾಹುಸೇನನ ತಾಯಿ ಖಾಸಿಂ ಬೀ ಇಬ್ಬರಿಗೂ ಹಾಲೂಡಿಸಿ ಬೆಳೆಸಿದ್ದಳು. ಆಕೆಗಿದ್ದ ಆಸೆ ಒಂದೇ, ಹಜ್. ಯುದ್ಧದಿಂದಾಗಿ ಹಡಗು ಸಿಗುವಂತಿರಲಿಲ್ಲ.

“ಆಕಿ ಹಾಲಿನ ಋಣ ಅದರಿ,” ಎಂದ ವಿರೂಪಣ್ಣ. “ಮೊದಲ ದಾರಿ ನೋಡ್ಕೊಂಡು ಬಂದು, ಆಮ್ಯಾಲ ಆಕಿನ್ನ ಕರ್ಕೊಂಡು ಹೋಗೋರಿದ್ವಿ.”

“ನನ್ನ ಕೇಳಬಾರದೇನು?” ಎಂದಳು ಹಂಪಮ್ಮ. “ಕೇಳಿದ್ರ ಕೊಡ್ತಿದ್ದಿಲ್ಲ, ಖರೇ.” ಆಮೇಲೆ ಕನಕಪ್ಪನ ಕಾಲು ಮುಟ್ಟಿದಳು. “ನನ್ನ ಒಲಿ ಉಳಿಸಿದಿ ಯಪ್ಪಾ. ಮೊಸಳಿ ಬಾಯಾಗ ಕೈ ಇಟ್ಟಿ. ನಿನ್ನ ಹೆಸರಲೆ ದಿನಾ ದೀಪ ಹಚ್ತೀನಿ.”

ಕನಕಪ್ಪ ಹಿಂದೆ ಸರಿದ. ಅಮೀನರು ಪಂಚನಾಮೆ ಹೇಳಿ ಬರೆಸುತ್ತಿದ್ದರು: ಹರಿಗೋಲಿಗೆ ಹೊದಿಸಿದ ತೊಗಲು ಒಣಗಿದೆ. ಜವಾನ ಕಾಲಿಗೆ ಸುತ್ತಿದ ಪಟ್ಟಿಯೂ ಒಣಗಿದೆ.

“ಕನಕಪ್ಪ, ನಿನ್ನ ಮೊಸಳಿ ಮರಳಾಗ ಈಜ್ತಿತ್ತೇನು?”

ಜವಾನ ಹಂಪಮ್ಮನ ಮುಖ ನೋಡಿದ. ಇಷ್ಟು ಹೊತ್ತು ಉಕ್ಕಿ ಹರಿದಿದ್ದ ಬಾಯಿ ಒಣಗಿತು.

“ನನಗ ಈಜು ಬರಂಗಿಲ್ಲವ್ವ. ಬೀಡಿ ಸೇದಾಕಂತ ಬೋರಲಿದ್ದ ಹರಗೋಲದ ಮ್ಯಾಲ ಕುಂತೆ. ಕೆಳಗ ಗೊರಕಿ ಕೇಳಿಸ್ತು. ಮೊದಲ ಓಡಿದಾಂವ ನಾನ. ತಿರುಗಿ ಬಂದು, ನಿದ್ದಿಗಣ್ಣಾಗ ಇದ್ದೋರಿಗೆ ಕೋಳ ಹಾಕಿದೆ. ದೀಪ ಹಚ್ಚೋದಿದ್ರ ಇವರ ಹೆಸರಲೆ ಹಚ್ಚು. ಎರಡು ಹರದಾರಿ ಬಂದು, ನಿನ್ನ ಹರಗೋಲದ ತೊಗಲು ಕೊಳೀಬಾರದಂತ ಬಿಸಲಿಗಿ ಬೋರಲ ಹಾಕಿ, ಅದರ ನೆರಳಾಗ ಮಲಗಿದ್ರು. ಮಕ್ಕಾಕ್ಕ ಹೊಂಟಾಗಲೂ ಅದನ್ನ ಮರತಿದ್ದಿಲ್ಲ.”