ಶ್ರುತಿ ಇಳಿಸಿದ ದಿನ

"ಈ ಮೃದಂಗ ಯಾಕೆ ತಂದ್ರಿ? ಇದು ನಾಲ್ಕೂವರೆ ಶ್ರುತಿದು! ನಾನು ಹಾಡೋದು ಐದೂವರೆಗೆ!"

ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಬಾಗಿಲಲ್ಲಿ ಭಾನುಪ್ರಿಯಳ ದನಿ ಏರಿತು. ಇನ್ನು ಸ್ವಲ್ಪ ಹೊತ್ತಿಗೆ ಪಿಎಚ್.ಡಿ. ಆಯ್ಕೆಗೆ ಅವಳು ಹಾಡಬೇಕು. ಜೊತೆಗೆ ನುಡಿಸಲು ವಿಭಾಗದವರು ಗೊತ್ತುಮಾಡಿದವನು ರಾಮನಗರದ ಜಯಕುಮಾರ್. ಇಬ್ಬರೂ ಮಾತಾಡುತ್ತಿರುವುದು ಇದೇ ಮೊದಲು.

"ನಿಮ್ ಗಂಟಲು ಇವತ್ತು ಅಷ್ಟು ಮೇಲಕ್ಕೆ ಹೋಗಾಕಿಲ್ಲ ಕಣ್ರೀ. ನಿನ್ನೆ ಟ್ರೈನಲ್ಲಿ ಕೆಮ್ತಿದ್ರಲ್ಲ... ಮನೇಲಿ ರೇಷ್ಮೆಹುಳ ಸಾಕ್ತೀರಾ?"

ಅವನ ಊಹೆ ನಿಜವಾಗಿತ್ತು.

ಮೊನ್ನೆ ಬೈರಾಪಟ್ಟಣದಲ್ಲಿ ಅವ್ವನ ಜೊತೆ ಹುಳ ಸಾಕುವ ಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದಳು. ಆ ಘಾಟು ಗಂಟಲಲ್ಲೇ ಕೂತಿತ್ತು. ಯಾರಿಗೂ ಹೇಳಿರಲಿಲ್ಲ.

'ಗಂಟಲು ಕೆಟ್ಟಿದೆ ಅಂತ ಇವನು ಒಳಗೆ ಹೇಳಿಬಿಟ್ಟರೆ? ಸೀಟು ತಪ್ಪಿದರೆ ಅವ್ವ ನೋಡಿಟ್ಟ ಗಂಡಿಗೆ ಕೊರಳೊಡ್ಡಬೇಕು!'

"ನನ್ನ ಹಾಡು ಕೆಡಿಸೋಕೆ ಯಾರು ಹೇಳ್ಕೊಟ್ರು ನಿಮಗೆ?" ಎಂದು ಸಿಡುಕಿ, ಒಳಗೆ ಹೋಗಿ ಶ್ರುತಿ ಪೆಟ್ಟಿಗೆಯನ್ನು ಐದೂವರೆಗೇ ಇಟ್ಟಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು, ನೋಡಿ!

ಜಯಕುಮಾರ್ ಇನ್ನೊಂದು ಚೀಲ ಬಿಚ್ಚಿದ. ಐದೂವರೆಯ ಮೃದಂಗವೂ ಅದರಲ್ಲಿತ್ತು.

ಹಾಡುತ್ತ ಮೇಲಿನ ಷಡ್ಜಕ್ಕೆ ಹೋಗುತ್ತಿದ್ದಂತೆ ದನಿ ಒಡೆಯಿತು. 'ಮುಗೀತು...'

"ಇಳಿಸಿ. ನಾನಿದ್ದೀನಿ." ಅವನು ಆಗಲೇ ಮೃದಂಗ ಬದಲಿಸಿಕೊಂಡಿದ್ದ.

"ಶ್ರುತಿ ಇಳಿಸಿ ಮೊದಲಿಂದ ಹಾಡಲಾ ಮೇಡಂ?"

ಆಯ್ಕೆಗೆ ಕೂತಿದ್ದ ಮಮತಾ ಮೇಡಂ ಹೂಂ ಎಂದು ತಲೆಯಾಡಿಸಿದರು. ಹಾಡು ಮುಗಿಯುವವರೆಗೂ ಭಾನುವಿಗೆ ಜೀವದಲ್ಲಿ ಜೀವವಿರಲಿಲ್ಲ. ಆದರೂ ಹಾಡಿದಳು.

ಸಂಜೆ ಮೇಡಂ ಹೊರಗೆ ಬಂದು, "ಸೀಟು ನಿಂದೇ ಕಣಮ್ಮ. ಗಂಟಲು ನೋಡ್ಕೋ" ಎಂದು ಹೇಳಿ ಹೋದರು.

ಭಾನು ಅಳುತ್ತಲೇ ಜಯಕುಮಾರನನ್ನು ಕೇಳಿದಳು. "ಎರಡೂ ಮೃದಂಗ ಹೊತ್ಕೊಂಡ್ ಬಂದ್ರಾ?"

"ನೀವು ಹಟ ಮಾಡಬಹುದು ಅನ್ನಿಸ್ತು."

"ಕೆಮ್ಮಿನ ವಿಷಯ?"

"ನಮ್ಮನೇಲೂ ಹುಳ ಸಾಕ್ತಾರೆ. ಆ ಪೌಡರ್ ಘಾಟಿನ ಕೆಮ್ಮು ಕೇಳಿದ್ರೇ ಗೊತ್ತಾಗುತ್ತೆ. ಆಮೇಲೆ... ನೀವು ಗುನುಗೋದು ಕೇಳೋಕೇ ದಿನಾ ಟ್ರೈನಲ್ಲಿ ನಿಮ್ ಹಿಂದಿನ ಸೀಟಲ್ಲಿ ಕೂತ್ಕೋತೀನಿ."

ಅವಳ ಕೆನ್ನೆ ಬಿಸಿಯಾಯಿತು. ಇಂಥವನನ್ನು ಏನೆಲ್ಲ ಅಂದುಬಿಟ್ಟೆನಲ್ಲ! ಅಷ್ಟರಲ್ಲಿ ಫೋನು ಬಂತು.

"ಗಂಡಿನ ಕಡೆಯೋರು ನಾಳೆ ಬತ್ತಾರಂತೆ ಕಣವ್ವ. ಏನೇಳ್ಲಿ?" ಅವ್ವನ ದನಿ.

ಭಾನು ಕಣ್ಣೊರೆಸಿಕೊಂಡಳು. "ಬ್ಯಾಡ ಅನ್ನವ್ವ. ಸೀಟು ಸಿಕ್ತು. ನಾಳೆ... ಬೇರೆ ಒಬ್ರು ನನ್ನ ಕೇಳಕ್ಕೆ ಬತ್ತಾರೆ."

ಫೋನಿಟ್ಟು ಅವನ ಮುಖ ನೋಡಿದಳು. "ಬತ್ತೀರಾ ತಾನೇ?"

"ಬತ್ತೀನಿ... ಒಸಿ ಭಯ ಐತೆ."

"ನಂಗೂ ಐತೆ. ಆದ್ರೂ ಬನ್ನಿ."